ತಲಾ ನಲವತ್ತೆರಡು ಸಾವಿರ

ಕೊರಳಲ್ಲಿ ಅಳತೆಯ ಟೇಪಿಲ್ಲದೆ ಅವಳನ್ನು ಆ ಬೀದಿಯಲ್ಲಿ ಕಂಡವರಿಲ್ಲ. ಅದಕ್ಕೇ ಎಲ್ಲರೂ ಟೇಪಮ್ಮ ಎನ್ನುತ್ತಿದ್ದರು. ಹಾಲಿನವನು ಒಂದು ಲೀಟರು ಎಂದರೆ ತನ್ನ ಪಾತ್ರೆಗೇ ಸುರಿಸಿ ನೋಡುವಳು. ಬಟ್ಟೆ ಅಂಗಡಿಯವನು ಮೂರು ಮೀಟರು ಕತ್ತರಿಸಿ ಕೊಟ್ಟರೆ ಅವನ ಎದುರಲ್ಲೇ ಅಳೆದು, ಎರಡು ಬೆರಳು ಕಡಿಮೆ ಬಂದರೆ ಸೂರು ಹಾರಿಹೋಗುವಂತೆ ಕೂಗಾಡುವಳು. ಮೂವತ್ತು ವರ್ಷ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದವಳಿಗೆ ಮನುಷ್ಯರ ಮಾತಿನಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ನಂಬುತ್ತಿದ್ದುದು ಮೊಹರು ಬಿದ್ದ ಕಾಗದವನ್ನು ಮಾತ್ರ. ಅಳೆಯದೆ ನಂಬಿದ ಆ ಒಂದೇ ವಸ್ತುವಿನಿಂದ ಅವಳು ಕೆಟ್ಟಳು.

ಕಾಗದ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಶಾಲೆಯಿಂದ ಬಂದ ಮೊಮ್ಮಗಳು ಪುಟ್ಟಿಯ ಕೈಗೆ ಅದನ್ನು ಕೊಟ್ಟು, ಟೇಪಮ್ಮ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಳು.

"ಗಟ್ಟಿಯಾಗಿ ಓದು. ನುಂಗಬೇಡ."

ಪುಟ್ಟಿ ಓದಿದಳು: "ತಮ್ಮ ವಾಸಸ್ಥಳದ ತಲಾ ಉತ್ಪನ್ನವು ಮಾಸಿಕ ನಲವತ್ತೆರಡು ಸಾವಿರಕ್ಕೆ ಏರಿರುವುದರಿಂದ, ತಮ್ಮ ಔಷಧಿ ರಿಯಾಯಿತಿ ಚೀಟಿಯನ್ನು ಮುಂದಿನ ತಿಂಗಳಿಂದ ರದ್ದುಪಡಿಸಲಾಗಿದೆ."

"ವಾಸಸ್ಥಳ ಅಂದ್ರೆ?"

"ವಾಸ ಮಾಡೋ ಜಾಗ ಅಜ್ಜಿ. ಮನೆ."

"ಉತ್ಪನ್ನ?"

ಪುಟ್ಟಿ ತಲೆ ಕೆರೆದುಕೊಂಡಳು. "ದುಡಿದು ಮಾಡೋದು. ಸಂಪಾದನೆ ಥರ."

ತಲಾ ಎಂಬ ಮಾತನ್ನು ಮಾತ್ರ ಟೇಪಮ್ಮ ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ಅವಳ ಅಡುಗೆಮನೆಯದೇ ಮಾತು. ಭಾನುವಾರ ತಲಾ ಒಂದು ಮೊಟ್ಟೆ ಎಂದರೆ ಐದು ತಟ್ಟೆಗೆ ಐದು ಮೊಟ್ಟೆ ಬಿದ್ದಿರುತ್ತಿದ್ದವು. ಯಾರ ತಟ್ಟೆಯಲ್ಲಾದರೂ ಇಲ್ಲವೆಂದರೆ ಪಕ್ಕದ ತಟ್ಟೆಯವರು ಎರಡು ತಿಂದಿದ್ದಾರೆ ಎಂದೇ ಅರ್ಥ. ಮಗ ಗೋದಾಮಿನಲ್ಲಿ ಮೂಟೆ ಹೊತ್ತು ತರುವುದು, ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ತರುವುದು, ತನ್ನ ಹೊಲಿಗೆಯ ಪುಡಿಗಾಸು ಎಲ್ಲ ಸೇರಿಸಿದರೂ ಕಾಗದದಲ್ಲಿ ಒಂದು ತಲೆಗೆ ಬರೆದಷ್ಟು ಆಗುವುದೇ ಕಷ್ಟ. ಮನೆಯಲ್ಲಿ ತಲೆ ಐದು. ಹಾಗಾದರೆ ಮಿಕ್ಕದ್ದನ್ನು ಯಾರೋ ತಿನ್ನುತ್ತಿದ್ದಾರೆ.

ಆ ರಾತ್ರಿಯ ಊಟಕ್ಕೆ ಅನ್ನ, ಬೇಳೆ, ಸುಟ್ಟ ಆಲೂಗಡ್ಡೆ. ಟೇಪಮ್ಮ ಬಡಿಸುವುದಕ್ಕೆ ಮುಂಚೆ ಕಾಗದವನ್ನು ಉಪ್ಪಿನ ಡಬ್ಬಿಯ ಕೆಳಗೆ ಸಿಕ್ಕಿಸಿಟ್ಟಳು.

"ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಈಗಲೇ ಹೇಳಿಬಿಡಿ," ಎಂದಳು.

ಮಗ ಕಾಗದ ಓದಿ ನಕ್ಕುಬಿಟ್ಟ. "ನಲವತ್ತೆರಡು ಸಾವಿರ! ಅಮ್ಮಾ, ಪುಟ್ಟಿಗೂ ಸೇರಿಸಿ ಬರೆದಿದ್ದಾರೆ. ಏನೇ ಪುಟ್ಟಿ, ಎಲ್ಲಿಟ್ಟಿದ್ದೀಯ ದುಡ್ಡು?"

"ನಗಬೇಡ. ನಿಮ್ಮಪ್ಪನ ಪಂಪು ಮುಂದಿನ ತಿಂಗಳಿಂದ ನಾಲ್ಕು ಪಟ್ಟು ಬೆಲೆ."

ನಗು ನಿಂತಿತು. ಮೂಲೆಯ ಮಂಚದ ಮೇಲೆ ಯಜಮಾನರು ತಟ್ಟೆ ಹಿಡಿದು ಕೂತಿದ್ದರು. ಇಪ್ಪತ್ತಾರು ವರ್ಷ ಹಿಟ್ಟಿನ ಗಿರಣಿಯಲ್ಲಿ ದುಡಿದು ಎದೆ ಹಾಳು ಮಾಡಿಕೊಂಡವರು. ಬಾಯಿಗಿಟ್ಟು ಎಳೆಯುವ ಆ ಔಷಧಿಯ ಪಂಪು ದಿನಕ್ಕೆ ನಾಲ್ಕು ಸಲ ಬೇಕು. ಇಲ್ಲದಿದ್ದರೆ ಮಂಚದಿಂದ ಬಚ್ಚಲಿನವರೆಗೆ ಹೋಗುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು.

"ತಪ್ಪು ಬರೆದಿರ್ತಾರೆ ಅತ್ತೆ," ಎಂದಳು ಸೊಸೆ. "ಹೋಗಿ ಕೇಳಿದ್ರಾಯ್ತು."

"ಇಷ್ಟು ದೊಡ್ಡ ಕಚೇರಿಯವರು ಗಾಳೀಲಿ ಲೆಕ್ಕ ಬರೀತಾರಾ? ಬ್ಯಾಂಕಿನಲ್ಲೋ ಎಲ್ಲೋ ನೋಡೇ ಬರೆದಿರ್ತಾರೆ. ನಾನು ಹೋಗಿ ಕೇಳಿ, ಅವರು ಇಂಥೋರ ಹೆಸರಲ್ಲಿದೆ ಅಂದ್ರೆ ಮಾನ ಯಾರದ್ದು ಹೋಗೋದು? ಮೊದಲು ಮನೇಲಿ ಗೊತ್ತಾಗ್ಲಿ."

"ಯಾರ ಹೆಸರಲ್ಲಿರುತ್ತೆ?"

"ಅದನ್ನೇ ನೋಡ್ತೀನಿ."

ಮೊದಲ ವಾರ ಅನುಮಾನ ಮಗನ ಮೇಲಿತ್ತು. ಬಟ್ಟೆ ಒಗೆಯುವ ನೆಪದಲ್ಲಿ ಅವನ ಜೇಬುಗಳನ್ನು ಒಳಗಿದ್ದದ್ದು ಹೊರಗೆ ಮಾಡಿ ನೋಡಿದಳು. ಬನ್ನಿನ ಕಾಗದ, ಮುರಿದ ಬಾಚಣಿಗೆ, ಸೊಂಟನೋವಿನ ಮುಲಾಮಿನ ಖಾಲಿ ಟ್ಯೂಬು ಸಿಕ್ಕವು. "ಅಮ್ಮಾ, ಲಕ್ಷ ಸಿಕ್ತಾ?" ಎಂದು ಅವನು ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದ. "ಮುಲಾಮು ತಗೊಳ್ಳೋದು ಬಿಟ್ಟು ಬೆನ್ನು ನೆಟ್ಟಗಿಟ್ಟು ಹೊರೋದು ಕಲಿ," ಎಂದು ಗದರಿ ಅವಳು ಅಂಗಿಯನ್ನು ಬಕೆಟ್ಟಿಗೆ ಅದ್ದಿದಳು. ಹೆತ್ತ ಮಗ ಎಂಬ ಕಾರಣಕ್ಕೋ, ಸೊಂಟನೋವಿನ ಕಾರಣಕ್ಕೋ, ಅವನ ಮೇಲಿನ ಅನುಮಾನ ಅಲ್ಲಿಗೇ ತಣ್ಣಗಾಯಿತು.

ತಣ್ಣಗಾಗಿ ಸೊಸೆಯ ಕಡೆಗೆ ಹರಿಯಿತು. ಅಲ್ಲಿ ಅದಕ್ಕೆ ಮೇವಿಗೆ ಬರವಿರಲಿಲ್ಲ. ಒಂದು, ಅವಳ ಕಾಲಲ್ಲಿ ಹೊಸ ಚಪ್ಪಲಿ, ಅದೂ ಮೆತ್ತನೆಯದು. ಎರಡು, ಐದಕ್ಕೆ ಮನೆ ಸೇರುತ್ತಿದ್ದವಳು ಈಚೆಗೆ ವಾರದಲ್ಲಿ ಮೂರು ದಿನ ಆರಕ್ಕೆ ಬರುತ್ತಿದ್ದಳು. ಮೂರು, ತವರಿನಲ್ಲಿ ಅವಳ ತಮ್ಮನು ಮನೆಗೆ ಹೊಸ ಬಾಗಿಲು ಹಾಕಿಸಿದ್ದನಂತೆ. ಬಾಗಿಲು ಸುಮ್ಮನೆ ಬರುತ್ತದೆಯೇ?

"ರೀ, ಇವಳು ಎಲ್ಲಿಗೆ ಹೋಗ್ತಾಳೆ ಅಂತ ನಿಮಗೇನಾದ್ರೂ ಗೊತ್ತಾ?" ಎಂದು ಗಂಡನನ್ನು ಕೇಳಿದಳು.

"ಕೆಲಸಕ್ಕೆ ಹೋಗ್ತಾಳೆ."

"ಕೆಲಸ ಬಿಟ್ಟ ಮೇಲೆ?"

"ನೀನು ಅವಳ ತಲೆ ತಿನ್ನಬೇಡ. ನನ್ನ ಪಂಪು ಎಲ್ಲಿ?"

ಎರಡನೇ ವಾರದ ಗುರುವಾರ ಟೇಪಮ್ಮ ಯಂತ್ರಕ್ಕೆ ಮುಸುಕು ಹಾಕಿ, ಟೇಪನ್ನು ಸೆರಗಿನೊಳಗೆ ಮುಚ್ಚಿಕೊಂಡು, ಆಸ್ಪತ್ರೆಯ ಹಿಂಬದಿಯ ಗೇಟಿಗೆ ಹೋದಳು. ನಾಲ್ಕೂ ಕಾಲಿಗೆ ಸೊಸೆ ಹೊರಗೆ ಬಂದಳು. ಬಸ್ಸು ಬಂತು, ಅವಳು ಹತ್ತಲಿಲ್ಲ. ಗೋಡೆಯ ಪಕ್ಕದ ಸಿಮೆಂಟಿನ ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಎದುರಿನ ಕಟ್ಟೆಗೆ ಎರಡು ಕಾಲನ್ನೂ ಚಾಚಿದಳು. ಟೇಪಮ್ಮ ಮರದ ಮರೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಯಾರೋ ಬರುತ್ತಾರೆ, ಲಕೋಟೆಯೋ ಪೊಟ್ಟಣವೋ ಕೈ ಬದಲಾಗುತ್ತದೆ ಎಂದುಕೊಂಡಳು. ಮೂರು ಬಸ್ಸು ಹೋದವು. ಯಾರೂ ಬರಲಿಲ್ಲ. ಟೇಪಮ್ಮನ ಮಂಡಿ ಹಿಡಿದುಕೊಂಡಿತು. ಕೊನೆಗೆ ತಾಳ್ಮೆ ಕೆಟ್ಟು ತಾನೇ ಎದುರಿಗೆ ಹೋಗಿ ನಿಂತಳು.

"ಯಾರಿಗೆ ಕಾಯ್ತಾ ಇದ್ದೀಯ?"

ಸೊಸೆ ಬೆಚ್ಚಿ ಕಾಲು ಕೆಳಗಿಳಿಸಿದಳು. "ಅಯ್ಯೋ ಅತ್ತೆ! ಮಾವನಿಗೆ ಏನಾಯ್ತು?"

"ಅವರಿಗೇನೂ ಆಗಿಲ್ಲ. ಯಾರಿಗೆ ಕಾಯ್ತಾ ಇದ್ದೀಯ ಅಂದೆ."

"ಯಾರಿಗೂ ಇಲ್ಲ. ಕೂತಿದ್ದೆ."

"ಅದು ನನಗೂ ಕಾಣ್ತಿದೆ. ಯಾಕೆ?"

"ಸುಮ್ನೆ." ಸೊಸೆ ಮಾತು ಹುಡುಕಿದಳು. "ಬೆಳಿಗ್ಗೆ ಐದಕ್ಕೆ ಎದ್ದೋಳು ಮಲಗೋವರೆಗೂ ನಿಂತೇ ಇರ್ತೀನಿ. ಅಲ್ಲಿ ಇಸ್ತ್ರಿ ಮೇಜಿನ ಮುಂದೆ, ಇಲ್ಲಿ ಒಲೆ ಮುಂದೆ. ಹಿಮ್ಮಡಿ ಸೀಳಿಹೋಗಿದೆ, ಅದಕ್ಕೇ ಈ ಚಪ್ಪಲಿ. ಇದೊಂದು ಗಂಟೆ ಯಾರೂ ನನ್ನ ಕರೆಯಲ್ಲ ಅತ್ತೆ. ಅಷ್ಟೆ."

ಮೂವತ್ತು ವರ್ಷದಲ್ಲಿ ಟೇಪಮ್ಮ ಸುಮ್ಮನೆ ಒಂದು ಗಂಟೆ ಕೂತವಳಲ್ಲ. ಕೂತರೂ ಕೈಯಲ್ಲಿ ಗುಂಡಿ, ಸೂಜಿ ಇರುತ್ತಿದ್ದವು. ಕೈಯಲ್ಲಿ ಏನೂ ಇಲ್ಲದೆ ಒಬ್ಬ ಹೆಂಗಸು ಗೋಡೆ ನೋಡುತ್ತ ಕೂತಿರಬಹುದು ಎನ್ನುವುದು ಅವಳಿಗೆ ಎಷ್ಟು ಎಳೆದರೂ ನಂಬುವಷ್ಟು ಉದ್ದಕ್ಕೆ ಬರಲಿಲ್ಲ.

"ಕಥೆ ಚೆನ್ನಾಗಿದೆ," ಎಂದಳು.

ಆ ಸಂಜೆ ಮಗ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಮಾತು ಹೊತ್ತಿಕೊಂಡಿತ್ತು.

"ನಿನ್ನ ಹೆಂಡತಿ ದಿನಾ ಒಂದು ಗಂಟೆ ಬೆಂಚಿನ ಮೇಲೆ ಕೂತ್ಕೋತಾಳಂತೆ. ಸುಮ್ನೆ! ತಮ್ಮನ ಮನೆಗೆ ಬಾಗಿಲು ಬರುತ್ತೆ, ಇವಳ ಕಾಲಿಗೆ ಚಪ್ಪಲಿ ಬರುತ್ತೆ, ನಿಮ್ಮಪ್ಪನಿಗೆ ಮಾತ್ರ ಪಂಪು ಬರಲ್ಲ."

"ಅತ್ತೆ, ನಾನು ಒಂದು ಕಾಸೂ ತವರಿಗೆ ಕಳಿಸಿಲ್ಲ."

"ಹಾಗಾದ್ರೆ ಕಾಗದ ಸುಳ್ಳಾ?" ಎನ್ನುತ್ತ ಟೇಪಮ್ಮ ಗೂಟದಲ್ಲಿ ನೇತಾಡುತ್ತಿದ್ದ ಸೊಸೆಯ ಚೀಲ ತೆಗೆದು ನೆಲದ ಮೇಲೆ ಸುರಿದಳು. ಊಟದ ಡಬ್ಬಿ, ಬಸ್ಸಿನ ಪಾಸು, ಒಂದು ಕರವಸ್ತ್ರ, ಪುಟ್ಟಿಗೆಂದು ಮುಚ್ಚಿಟ್ಟಿದ್ದ ಪೆಪ್ಪರಮೆಂಟು ಉರುಳಿದವು. ಟೇಪಮ್ಮ ಚೀಲದ ಒಳ ಹೊಲಿಗೆಯನ್ನೂ ಬೆರಳಿನಿಂದ ಒತ್ತಿ ನೋಡಿದಳು. ಹೊಲಿಯುವವಳಿಗೆ ಬಟ್ಟೆಯೊಳಗೆ ಎಲ್ಲೆಲ್ಲಿ ಏನೇನು ಬಚ್ಚಿಡಬಹುದೆಂದು ಗೊತ್ತು.

ಸೊಸೆ ಅತ್ತೆಯ ಕಡೆ ನೋಡಲಿಲ್ಲ. ಗಂಡನ ಕಡೆ ನೋಡಿದಳು. ಅವನು ಟವೆಲ್ಲಿನಲ್ಲಿ ಮುಖ ಒರೆಸುತ್ತಲೇ ಇದ್ದ. ಒಣಗಿದ ಮುಖವನ್ನೇ ಒರೆಸಿದ.

"ಏನೂ ಇಲ್ವಲ್ಲ," ಎಂದರು ಯಜಮಾನರು ಮಂಚದಿಂದ. "ಎತ್ತಿ ಕೊಡೇ ಅದನ್ನ."

ಯಾರೂ ಎತ್ತಿ ಕೊಡಲಿಲ್ಲ. ಸೊಸೆ ತಾನೇ ಬಗ್ಗಿ ಒಂದೊಂದಾಗಿ ಆರಿಸಿಕೊಂಡಳು.

ಮರುದಿನದಿಂದ ಅವಳು ಸರಿಯಾಗಿ ಐದಕ್ಕೆ ಮನೆಯಲ್ಲಿರುತ್ತಿದ್ದಳು. ಅಡುಗೆ, ಪಾತ್ರೆ, ನೀರು, ಒಂದೂ ತಪ್ಪಲಿಲ್ಲ. ಮಾತು ಮಾತ್ರ ಉಪ್ಪಿನಷ್ಟೇ. "ಅತ್ತೆ, ಬೇಳೆ ಮುಗಿದಿದೆ." "ಅತ್ತೆ, ಸಿಲಿಂಡರ್‌ಗೆ ಹೇಳಿ." ಜಗಳವಾಡಿದರೆ ತಾನೂ ಆಡಬಹುದು, ಜಗಳವೇ ಆಡದವಳ ಜೊತೆ ಏನು ಮಾಡುವುದೆಂದು ಟೇಪಮ್ಮನಿಗೆ ತಿಳಿಯಲಿಲ್ಲ. ಮನೆ ಉಸಿರು ಕಟ್ಟಿಕೊಂಡು ಕೂತಂತಿತ್ತು.

ನಿಜವಾಗಿ ಉಸಿರು ಕಟ್ಟಿದ್ದು ಯಜಮಾನರಿಗೆ. ಮೂರನೇ ವಾರ ಅವರು ಪಂಪನ್ನು ಕಿವಿಯ ಬಳಿ ಅಲ್ಲಾಡಿಸಿ ಕೇಳುವುದನ್ನು ಟೇಪಮ್ಮ ಕಂಡಳು.

"ದಿನಕ್ಕೆ ಎಷ್ಟು ಸಲ ಎಳೀತಿದ್ದೀರಿ?"

"ನಾಲ್ಕು."

"ನನ್ನ ಮುಖ ನೋಡಿ ಹೇಳಿ."

"ಎರಡು," ಎಂದರು ಅವರು. "ಮುಂದಿನ ತಿಂಗಳಿಗೂ ಬರಲಿ ಅಂತ."

ಟೇಪಮ್ಮನಿಗೆ ಅಳು ಬಂತು. ಅಳುವ ಬದಲು ಸಿಟ್ಟು ಮಾಡಿಕೊಂಡಳು, ಅದು ಅವಳಿಗೆ ರೂಢಿ. ಇನ್ನು ಮಾನ ನೋಡಿಕೊಂಡು ಕೂತರೆ ಮನುಷ್ಯನೇ ಉಳಿಯುವುದಿಲ್ಲ ಎನ್ನಿಸಿ ಕಾಗದ ಮಡಿಚಿ ವಾರ್ಡ್ ಕಚೇರಿಗೆ ನಡೆದಳು.

ಅಲ್ಲಿ ಮೂರನೇ ಕಿಟಕಿಯಲ್ಲಿ ಕನ್ನಡಕದ ಗುಮಾಸ್ತನೊಬ್ಬ ಕೂತಿದ್ದ. ಟೇಪಮ್ಮ ಕಾಗದವನ್ನು ಒಳಗೆ ತಳ್ಳಿ, ಹಿಂದಿನವರಿಗೆ ಕೇಳಿಸದಂತೆ ಬಗ್ಗಿ ಹೇಳಿದಳು: "ಇದು ನಮ್ಮನೇಲಿ ಯಾರ ಹೆಸರಲ್ಲಿದೆ, ಅಷ್ಟು ಹೇಳಿ ಸಾಕು. ಸೊಸೇದೇ ತಾನೆ?"

"ಯಾರ ಸೊಸೆ?"

"ನನ್ನ ಸೊಸೆ. ಈ ನಲವತ್ತೆರಡು ಸಾವಿರ."

ಗುಮಾಸ್ತ ಕನ್ನಡಕ ಮೇಲೇರಿಸಿದ. "ಇದು ನಿಮ್ಮ ಮನೇದಲ್ಲಮ್ಮ. ವಾಸಸ್ಥಳ ಅಂದ್ರೆ ವಾರ್ಡು. ಕಾಲುವೆ ಆಚೆ ದೊಡ್ಡ ಗೋದಾಮು ಇದೆಯಲ್ಲ, ಅದನ್ನ ಹೋದ ವರ್ಷ ನಿಮ್ಮ ವಾರ್ಡಿಗೆ ಸೇರಿಸಿದ್ರು. ಅದರ ವಹಿವಾಟೆಲ್ಲ ಈಗ ವಾರ್ಡಿನ ಉತ್ಪನ್ನ. ಅದನ್ನ ವಾರ್ಡಿನ ಜನರಿಂದ ಭಾಗಿಸ್ತೀವಿ. ಗೋದಾಮಿನಲ್ಲಿ ಯಾರೂ ವಾಸ ಇಲ್ಲ ನೋಡಿ, ಹಾಗಾಗಿ ತಲೆ ಹೆಚ್ಚಾಗಿಲ್ಲ, ಪಾಲು ಹೆಚ್ಚಾಗಿದೆ."

"ಪಾಲು ಎಲ್ಲಿ? ನನ್ನ ಮಗ ಅಲ್ಲೇ ಮೂಟೆ ಹೊರೋದು. ಅವನ ಸಂಬಳ ಎರಡು ವರ್ಷದಿಂದ ಅಷ್ಟೇ ಇದೆ."

"ಪಾಲು ಅಂದ್ರೆ ಕೈಗೆ ಬರೋದಲ್ಲ. ಲೆಕ್ಕಕ್ಕೆ."

"ನಮ್ಮನೇಲಿ ತಲಾ ಒಂದು ಮೊಟ್ಟೆ ಅಂದ್ರೆ ಎಲ್ಲರ ತಟ್ಟೇಲೂ ಇರುತ್ತೆ."

"ಇಲ್ಲಿ ಹಾಗಲ್ಲ. ಒಬ್ಬನೇ ಎಲ್ಲಾ ಮೊಟ್ಟೆ ತಿಂದ್ರೂ ತಲಾ ಒಂದೇ."

ಟೇಪಮ್ಮ ಕಿಟಕಿಯ ಕಟ್ಟೆ ಹಿಡಿದುಕೊಂಡಳು. ಕೊರಳಿನ ಟೇಪಿನ ತುದಿ ಅವಳ ಬೆರಳಿಗೆ ಸುತ್ತಿಕೊಂಡಿತ್ತು. "ಸ್ವಾಮಿ, ಒಂದು ಕ್ಲಾಸಿನ ಮಕ್ಕಳ ಅಳತೆಯೆಲ್ಲ ಕೂಡಿಸಿ ಭಾಗ ಮಾಡಿ ಒಂದೇ ಅಳತೇಲಿ ಅಂಗಿ ಹೊಲಿದ್ರೆ ಯಾರಿಗೆ ಆಗುತ್ತೆ?"

"ಯಾರಿಗೂ ಆಗಲ್ಲ," ಎಂದ ಗುಮಾಸ್ತ, ಒಳ್ಳೆಯ ಮನುಷ್ಯನೇ. "ಆದ್ರೆ ಹೊಲಿಯೋರಿಗೆ ಸುಲಭ."

ಆಮೇಲೆ ಅವನೇ ದಾರಿಯನ್ನೂ ಹೇಳಿಕೊಟ್ಟ. ವಾರ್ಡು ಎಷ್ಟೇ ಮೇಲೇರಲಿ, ದುಡಿಯುವವರಿಲ್ಲದ ಮುದುಕರ ಮನೆಗೆ ಚೀಟಿ ಉಳಿಯುತ್ತದೆ. ಕಚೇರಿಯ ಪ್ರಕಾರ ಒಂದು ಒಲೆಯಲ್ಲಿ ಉಣ್ಣುವವರು ಒಂದು ಮನೆ. ಬೇರೆ ಒಲೆ ಹೂಡಿದರೆ ಬೇರೆ ಮನೆ.

"ನಾನು ಹೊಲೀತೀನಲ್ಲ?"

"ಮನೇಲಿ ಕೂತು ಹೊಲಿಯೋದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ. ಅದು ಕೆಲಸ ಅಲ್ಲ." ಅವನು ದನಿ ತಗ್ಗಿಸಿದ. "ಹತ್ತು ದಿನದಲ್ಲಿ ತಪಾಸಣೆಗೆ ಬರ್ತಾರೆ. ಎರಡು ಒಲೆ ಕಾಣಬೇಕು. ಜನ ಸುಳ್ಳು ಒಲೆ ಇಡ್ತಾರೆ ಅಂತ ಅವರು ಭಾರಿ ಅನುಮಾನದ ಆಸಾಮಿ. ಒಂದು ಒಲೆ ಕೊಂಡುಬಿಡಿ. ವಾರ್ಡಿನ ಉತ್ಪನ್ನವೂ ಅಷ್ಟು ಹೆಚ್ಚುತ್ತೆ."

ದಾರಿಯುದ್ದಕ್ಕೂ ಟೇಪಮ್ಮ ಒಂದೇ ಮಾತನ್ನು ಬಾಯೊಳಗೆ ಹೊರಳಿಸಿದಳು: ತಪ್ಪಾಯ್ತು ಕಣೇ. ಮನೆಯ ಮೆಟ್ಟಿಲು ಹತ್ತುವವರೆಗೂ ಅದು ಸಿದ್ಧವಾಗಿಯೇ ಇತ್ತು. ಒಳಗೆ ಸೊಸೆ ಬೆನ್ನು ಹಾಕಿ ಆಲೂಗಡ್ಡೆ ಸುಲಿಯುತ್ತಿದ್ದಳು.

"ಅದು ವಾರ್ಡಿನ ಲೆಕ್ಕವಂತೆ," ಎಂದಳು ಟೇಪಮ್ಮ ಗೋಡೆಯ ಕಡೆ ತಿರುಗಿ. "ಆ ಗೋದಾಮಿನದು."

"ಓ," ಎಂದಳು ಸೊಸೆ. ಸುಲಿಯುವುದು ನಿಲ್ಲಲಿಲ್ಲ.

ಮಗ ಶನಿವಾರ ಒಂದು ಸಣ್ಣ ಒಲೆ ತಂದ. ಅಡುಗೆಮನೆಯ ಎದುರು ಮೂಲೆಯಲ್ಲಿ ಹಳೆಯ ಮೇಜು ಹಾಕಿ ಅದರ ಮೇಲಿಟ್ಟರು. ಪುಟ್ಟಿ ಪಾತ್ರೆಗಳನ್ನು ಎರಡು ಪಾಲು ಮಾಡಿದಳು. ಅವಳಿಗೆ ಅದು ಮನೆಯಾಟ. "ಈ ಸೌಟು ನಿಮ್ಮ ಮನೇದು ಅಜ್ಜಿ, ನಮ್ಮ ಮನೆಗೆ ತರಬೇಡಿ." ಯಜಮಾನರು ನಗಲು ಹೋಗಿ ಕೆಮ್ಮಿದರು. ಸೊಸೆ ಹೇಳಿದ್ದನ್ನೆಲ್ಲ ಮಾಡಿದಳು. ಹೊಸ ಒಲೆ ಬಳಸಿದ ಹಾಗೆ ಕಾಣಲೆಂದು ಹಾಲು ಉಕ್ಕಿಸಿ ಕಲೆ ಕೂಡ ಮಾಡಿದಳು. ಅದನ್ನು ಕಂಡು ಟೇಪಮ್ಮನಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣ, ಇಷ್ಟು ಅಚ್ಚುಕಟ್ಟಾಗಿ ಸುಳ್ಳು ಹೂಡುವವಳು ಬೇರೆ ಏನೇನು ಮಾಡಿಯಾಳು ಎಂದುಕೊಂಡಳು. ತಕ್ಷಣ ತನ್ನ ಮನಸ್ಸಿನ ಮೇಲೆ ತನಗೇ ಅಸಹ್ಯವಾಯಿತು.

ತಪಾಸಣೆಯವನು ಬಂದದ್ದು ಬುಧವಾರ ಸಂಜೆ, ಒಲೆಗಳು ಉರಿಯುವ ಹೊತ್ತಿಗೇ. ದಪ್ಪ ಆಳು, ಮಾತು ಕಡಿಮೆ. ಒಂದು ಒಲೆಯಲ್ಲಿ ಟೇಪಮ್ಮ ಗಂಜಿ ಕಾಯಿಸುತ್ತಿದ್ದಳು, ಇನ್ನೊಂದರಲ್ಲಿ ಸೊಸೆ ಆಲೂಗಡ್ಡೆ ಹುರಿಯುತ್ತಿದ್ದಳು. ಅವನು ಎರಡೂ ಮುಚ್ಚಳ ಎತ್ತಿ ನೋಡಿದ. ಹೊಸ ಒಲೆಯ ತಳಕ್ಕೆ ಬೆರಳಾಡಿಸಿದ.

"ಈ ವಾರ ಹದಿನೇಳು ಮನೆ ನೋಡಿದೆ," ಎಂದ. "ಹದಿನೇಳರಲ್ಲೂ ಹೊಸ ಒಲೆ. ನಿಮ್ಮದೂ ಚೀಟಿಗೋಸ್ಕರ ತಾನೆ? ಅತ್ತೆ ಸೊಸೆ ಯಾವಾಗ ಬೇರೆ ಆದ್ರಿ?"

ಮಗ ಬಾಯಿ ತೆರೆದ. ಕಲಿತಿದ್ದ ಉತ್ತರ ಮರೆತು ಹೆಂಡತಿಯ ಕಡೆ ನೋಡಿದ. ಯಜಮಾನರ ಎದೆಯ ಸಿಳ್ಳು ಎಲ್ಲರಿಗೂ ಕೇಳುತ್ತಿತ್ತು.

"ಎರಡು ವಾರದ ಹಿಂದೆ, ಗುರುವಾರ ಸಾಯಂಕಾಲ," ಎಂದಳು ಸೊಸೆ, ಸೌಟು ಆಡಿಸುತ್ತಲೇ. "ನಾನು ಮನೆ ದುಡ್ಡು ಕದ್ದು ತವರಿಗೆ ಕಳಿಸ್ತೀನಿ ಅಂತ ಅತ್ತೆಗೆ ಅನುಮಾನ. ನನ್ನ ಹಿಂದೇನೇ ಆಸ್ಪತ್ರೆವರೆಗೂ ಬಂದ್ರು. ನನ್ನ ಚೀಲ ನೆಲಕ್ಕೆ ಸುರಿದು ಹೊಲಿಗೆ ಎಲ್ಲಾ ಒತ್ತಿ ನೋಡಿದ್ರು. ನನ್ನ ಗಂಡ ಮುಖ ಒರೆಸ್ಕೊಳ್ತಾ ನಿಂತಿದ್ರು. ಇಷ್ಟಾದ್ಮೇಲೆ ಒಂದೇ ಒಲೇಲಿ ಉಣ್ಣಿ ಅಂದ್ರೆ ಹೇಗೆ ಉಣ್ಣೋದು ಸಾರ್?"

ತಪಾಸಣೆಯವನು ಅವಳ ಮುಖವನ್ನೇ ನೋಡಿದ. ಆಮೇಲೆ ಟೇಪಮ್ಮನ ಕಡೆ ತಿರುಗಿದ. "ಹೌದಾಮ್ಮ?"

"ಹೌದು," ಎಂದಳು ಟೇಪಮ್ಮ. "ಅವಳು ಏನೂ ಕದ್ದಿರಲಿಲ್ಲ. ತಪ್ಪು ನಂದೇ."

ಅವನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಬರೆದು, ಮೊಹರು ಒತ್ತಿ, ಒಂದು ಹಾಳೆ ಹರಿದು ಕೊಟ್ಟ. ಚೀಟಿ ಉಳಿಯಿತು. ಅವನ ಹೆಜ್ಜೆ ಮೆಟ್ಟಿಲಿಳಿದು ಬೀದಿ ಸೇರುವುದನ್ನೇ ಕಾದಿದ್ದು ಮಗ ಜೋರಾಗಿ ನಕ್ಕ. "ಏನ್ ನಾಟಕ ಆಡಿದ್ಯೇ! ನನಗೇ ನಿಜ ಅನ್ನಿಸಿಬಿಡ್ತು."

ಸೊಸೆ ನಗಲಿಲ್ಲ. ಒಲೆ ಆರಿಸಿ ಮೂರು ತಟ್ಟೆ ಇಳಿಸಿದಳು. ಮೂರೇ.

"ಅವನು ಹೋದನಲ್ಲ," ಎಂದಳು ಟೇಪಮ್ಮ. "ಇನ್ನು ಆ ಒಲೆ ಎತ್ತಿಡು. ಎಲ್ಲರಿಗೂ ಇಲ್ಲೇ ಬಡಿಸ್ತೀನಿ."

"ಇರ್ಲಿ ಅತ್ತೆ. ಇನ್ಮೇಲೆ ನಮ್ಮ ಅಡುಗೆ ನಾನು ಇಲ್ಲೇ ಮಾಡ್ಕೋತೀನಿ. ಸ್ವಲ್ಪ ತಡ ಆಗುತ್ತೆ, ನಾನು ಬರೋದು ಆರಕ್ಕೆ."

"ತಪ್ಪು ನಂದು ಅಂತ ಅಂದೆನಲ್ಲ, ಇನ್ನೇನು?"

"ಅವರಿಗೆ ಹೇಳಿದ್ರಿ," ಎಂದಳು ಸೊಸೆ. "ನನಗೆ ಹೇಳಲಿಲ್ಲ."

ಅವಳು ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಕಾಯುತ್ತಿದ್ದಾಳೆಂದು ಟೇಪಮ್ಮನಿಗೆ ಗೊತ್ತಾಯಿತು. ಎರಡೇ ಹೆಜ್ಜೆಯ ದೂರ. ಹೇಳಬೇಕಾದ ಮಾತೂ ಎರಡೇ. ಹೊರಗಿನವನ ಮುಂದೆ ಸಲೀಸಾಗಿ ಬಂದ ಮಾತು ಈಗ ನಾಲಿಗೆಯ ಬುಡದಲ್ಲಿ ಅಂಟಿಕೊಂಡು ಕೂತಿತು. ಯಜಮಾನರು ನೋಡುತ್ತಿದ್ದರು, ಮಗ ನೋಡುತ್ತಿದ್ದ. ಟೇಪಮ್ಮ ಗಂಜಿಯನ್ನು ಕಲಕಿದಳು. ಸೊಸೆ ತಿರುಗಿ ಬಡಿಸತೊಡಗಿದಳು.

ಪುಟ್ಟಿ ತನ್ನ ತಟ್ಟೆಯನ್ನು ಎದೆಗವಚಿಕೊಂಡು ಎರಡು ಒಲೆಗಳ ನಡುವೆ ನಿಂತಿದ್ದಳು. "ಅಜ್ಜಿ, ಆಟ ಮುಗೀತಲ್ವಾ? ನನ್ನ ತಟ್ಟೆ ಎಲ್ಲಿಡ್ಲಿ?"

ಆ ಮನೆಯಲ್ಲಿ ಯಾರ ತಟ್ಟೆ ಎಲ್ಲಿ ಎಂದು ಮೂವತ್ತು ವರ್ಷದಿಂದ ಹೇಳಿದವಳು ಟೇಪಮ್ಮ. ಅವಳು ತಲೆ ಎತ್ತಲಿಲ್ಲ.

"ನಿಮ್ಮಮ್ಮನ ಹತ್ರ ಇಡು," ಎಂದಳು.